ಯಂತ್ರಮಾನವರ ಕಾಲ್ಚೆಂಡಾಟಕ್ಕೆ ಹೊರಗಿನ ಸಾಕ್ಷಿ

ಪಂದ್ಯ ಮುಗಿದಾಗ ಗೋಲುಗಳ ಸಂಖ್ಯೆ ಎಲ್ಲರಿಗೂ ತಿಳಿಯುತ್ತದೆ. ಸೋತ ತಂಡ ಏಕೆ ಸೋತಿತೆಂಬುದನ್ನು ಮಾತ್ರ ಆ ಸಂಖ್ಯೆ ಹೇಳುವುದಿಲ್ಲ. ಚೆಂಡು ಯಾರ ವಶದಲ್ಲಿ ಎಷ್ಟು ಹೊತ್ತಿತ್ತು, ಯಾರು ಎಷ್ಟು ದೂರ ನಡೆದರು, ಎಷ್ಟು ಸಲ ಬಿದ್ದರು ಎಂಬ ಲೆಕ್ಕ ಬೇಕು. ಆಡುವವರು ಯಂತ್ರಮಾನವರಾದರೂ ಇದು ತಪ್ಪಿದ್ದಲ್ಲ.

'ರೋಬೋಕಪ್' ಎಂಬ ಯಂತ್ರಮಾನವರ ವಿಶ್ವ ಪಂದ್ಯಾಟವು 1997ರಲ್ಲಿ ಜಪಾನಿನ ನಗೋಯದಲ್ಲಿ ಆರಂಭವಾಯಿತು. 2050ರೊಳಗೆ ಮನುಷ್ಯರ ವಿಶ್ವಕಪ್ ವಿಜೇತ ತಂಡವನ್ನು ಸೋಲಿಸಬೇಕೆಂಬುದು ಅದರ ಗುರಿ. ಅದರ ಒಂದು ವಿಭಾಗದಲ್ಲಿ 2010ರ ದಶಕದುದ್ದಕ್ಕೂ ಎಲ್ಲ ತಂಡಗಳೂ ಸುಮಾರು 58 ಸೆಂಟಿಮೀಟರ್ ಎತ್ತರದ 'ನಾವೋ' ಯಂತ್ರಗಳನ್ನೇ ಆಡಿಸಿದವು. ದೇಹ ಒಂದೇ, ಬರೆದು ತುಂಬಿದ ಬುದ್ಧಿ ಬೇರೆ. ಪಂದ್ಯ ನಡೆಯುವಾಗ ತಂಡದವರು ಹೊರಗಿನಿಂದ ಅವುಗಳನ್ನು ನಡೆಸುವಂತಿಲ್ಲ.

ಹಾಗಾದರೆ ಲೆಕ್ಕವನ್ನು ಯಂತ್ರಗಳಿಂದಲೇ ಪಡೆಯಬಾರದೇ? ತಾನು ಎಲ್ಲಿದ್ದೇನೆಂಬುದನ್ನು ಪ್ರತಿಯೊಂದು ಯಂತ್ರವೂ ದಾಖಲಿಸಿಕೊಳ್ಳುತ್ತದೆ, ನಿಜ. ಆದರೆ ಅದು ಮೈದಾನದ ಬಿಳಿ ಗೆರೆಗಳನ್ನು ನೋಡಿ ಮಾಡುವ ಅಂದಾಜು. ಮೈದಾನದ ಎರಡು ಅರ್ಧಗಳೂ ಒಂದೇ ತೆರ; 2012ರಿಂದ ಎರಡೂ ಗೋಲುಗಳ ಬಣ್ಣವೂ ಒಂದೇ. ಬಿದ್ದೆದ್ದ ಯಂತ್ರ ದಿಕ್ಕು ತಪ್ಪಿದರೆ, ಅದರ ದಾಖಲೆಯೂ ದಿಕ್ಕು ತಪ್ಪುತ್ತದೆ.

ಆದುದರಿಂದ ಬದಿಯಲ್ಲಿಟ್ಟ ಕ್ಯಾಮರಾದ ವಿಡಿಯೋ ಚಿತ್ರವೇ ನಂಬತಕ್ಕ ಸಾಕ್ಷಿ. ಇಡೀ ಮೈದಾನವನ್ನು ಹಿಡಿಯುವ ಅಗಲ ಮಸೂರವು ನೇರ ಗೆರೆಗಳನ್ನು ಬಾಗಿಸಿ ತೋರಿಸುತ್ತದೆ. ಮೊದಲು ಅದನ್ನು ಗಣಿತದಿಂದ ಸರಿಪಡಿಸಬೇಕು. ಬಳಿಕ 9 ಮೀಟರ್ ಉದ್ದ, 6 ಮೀಟರ್ ಅಗಲದ ಮೈದಾನದ ಮೂಲೆಗಳನ್ನು ಚಿತ್ರದ ಮೂಲೆಗಳೊಂದಿಗೆ ತಾಳೆ ನೋಡಿದರೆ, ನೆಲದ ಮೇಲಿನ ಯಾವ ಬಿಂದುವಿನ ಸ್ಥಾನವನ್ನೂ ಮೀಟರುಗಳಲ್ಲಿ ಹೇಳಬಹುದು. ಅನೇಕ ಚಿತ್ರಗಳನ್ನು ತೋರಿಸಿ ಪಳಗಿಸಿದ ಗಣಕಯಂತ್ರವು ಆಟಗಾರರನ್ನೂ ಚೆಂಡನ್ನೂ ಗುರುತಿಸುತ್ತದೆ. ಚಿತ್ರದಿಂದ ಚಿತ್ರಕ್ಕೆ ಆ ಸ್ಥಾನಗಳನ್ನು ಜೋಡಿಸಿದರೆ ನಡೆದ ದಾರಿ ದೊರೆಯುತ್ತದೆ. ಚೆಂಡಿಗೆ ಯಾರು ಹತ್ತಿರವಿದ್ದರೆಂಬುದರಿಂದ ವಶದ ಅವಧಿಯನ್ನೂ, ಚೆಂಡಿನ ವೇಗ ಫಕ್ಕನೆ ಏರಿದುದರಿಂದ ಒದೆತವನ್ನೂ ಎಣಿಸಬಹುದು.

ತೊಡಕುಗಳೂ ಇವೆ. ಚೆಂಡು ಕಾಲುಗಳ ಮರೆಗೆ ಸರಿಯುತ್ತದೆ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ಢಿಕ್ಕಿಯಾಗಿ ಬೇರ್ಪಟ್ಟರೆ ಒಬ್ಬನ ನಡಿಗೆ ಇನ್ನೊಬ್ಬನ ಲೆಕ್ಕಕ್ಕೆ ಸೇರಬಹುದು. ಹೀಗಾಗಿ ಮನುಷ್ಯನ ಕಣ್ಣು ಒಮ್ಮೆ ಪರಿಶೀಲಿಸುವುದು ಅಗತ್ಯ.

ನಿರ್ದೇಶಾಂಕಗಳ ಪಾಠ ಯಾವ ಉಪಯೋಗಕ್ಕೆಂದು ಹತ್ತನೆಯ ತರಗತಿಯ ಮಕ್ಕಳು ನಮ್ಮನ್ನು ಕೇಳುವುದುಂಟು. ಅವರಿಗೆ ನಾವು ಈ ಆಟವನ್ನು ತೋರಿಸಬಹುದು. ಸೋತ ತಂಡ ಅದೃಷ್ಟವನ್ನು ಹಳಿಯದೆ, ಎಲ್ಲಿ ಚೆಂಡು ಕಳಕೊಂಡೆವೆಂದು ಎಣಿಸಿ ನೋಡಿ ಮರುದಿನದ ಪಂದ್ಯಕ್ಕೆ ತಿದ್ದಿಕೊಳ್ಳಲು ನೆರವಾಗುವುದು ಅದೇ ಪಾಠ.