ಪದವಿಯ ಕೊನೆಯ ವರ್ಷ: ಗಡಿಯ ಈಚೆಗೆ ಒಂದು, ಆಚೆಗೆ ಇನ್ನೊಂದು



ಡಿಗ್ರಿ ಓದುವ ಮಕ್ಕಳಿರುವ ಮನೆಗಳಲ್ಲಿ ಈಗೀಗ ಒಂದು ಪ್ರಶ್ನೆ ಕೇಳಿಬರುತ್ತಿದೆ. "ಮೂರನೇ ವರ್ಷ ಅಂದರೆ ಕೊನೆಯ ವರ್ಷವೋ, ಇನ್ನೂ ಒಂದು ವರ್ಷ ಉಂಟೋ?" ನಮ್ಮ ಕಾಲದಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ. ಮೂರು ವರ್ಷ ಓದಿ, ಫೋಟೋ ತೆಗೆಸಿಕೊಂಡು, ಆಟೋಗ್ರಾಫ್ ಬರೆಸಿಕೊಂಡು ಹೊರಬರುತ್ತಿದ್ದೆವು. ಈಗ ಉತ್ತರ ನೀವು ಯಾವ ರಾಜ್ಯದ ಕಾಲೇಜಿನಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಗಡಿಯಲ್ಲಿರುವ ನಮಗೆ ಇದು ಉಳಿದವರಿಗಿಂತ ಹೆಚ್ಚು ತಲೆಬಿಸಿ. ಅಣ್ಣನ ಮಗಳು ಕಾಸರಗೋಡಿನಲ್ಲಿ, ತಂಗಿಯ ಮಗ ಮಂಗಳೂರಿನಲ್ಲಿ ಓದುತ್ತಿದ್ದರೆ ಒಂದೇ ಮನೆಯಲ್ಲಿ ಎರಡು ಲೆಕ್ಕ.

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದರು. ಅದೇ 2024ರ ಜುಲೈಯಲ್ಲಿ ಕೇರಳ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಒಬ್ಬರು ಇಳಿದ ಬಸ್ಸಿಗೆ ಇನ್ನೊಬ್ಬರು ಹತ್ತಿದ ಹಾಗಾಯಿತು. ತಮಿಳುನಾಡು ಮೂರು ವರ್ಷವನ್ನೇ ಉಳಿಸಿಕೊಂಡಿದೆ, ಆದ್ದರಿಂದ ಹೊಸೂರು, ತಾಳವಾಡಿ, ನೀಲಗಿರಿಯ ಮಕ್ಕಳಿಗೆ ಹಳೆಯ ಲೆಕ್ಕವೇ. ಮಹಾರಾಷ್ಟ್ರದಲ್ಲಿ ಹೊಸ ನೀತಿಯ ಪ್ರಕಾರ ಮೂರನೆಯ ವರ್ಷಕ್ಕೆ ಹೊರಬರಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್.

ಕಾಸರಗೋಡು, ವಯನಾಡಿನ ಮಕ್ಕಳಿಗೆ ವಿಷಯ ಹೀಗೆ: ಆರು ಸೆಮಿಸ್ಟರ್ ಮುಗಿಸಿ 133 ಕ್ರೆಡಿಟ್ ಪಡೆದವರು ಪದವಿ ತೆಗೆದುಕೊಂಡು ಹೊರಬರಬಹುದು. ಎಂಟು ಸೆಮಿಸ್ಟರ್ ಓದಿ 177 ಕ್ರೆಡಿಟ್ ಪಡೆದರೆ ಆನರ್ಸ್ ಪದವಿ. ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಬಂದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಆನರ್ಸ್ ಮಾಡಬಹುದು. 2024ರಲ್ಲಿ ಸೇರಿದ ಮೊದಲ ತಂಡಕ್ಕೆ 2026-27 ಮೂರನೆಯ ವರ್ಷ. ಅದು ಕೊನೆಯ ವರ್ಷವೋ ಅಲ್ಲವೋ ಎಂದು ಅವರೇ ತೀರ್ಮಾನಿಸಬೇಕು. ಹಿಂದಿನ ಯಾವ ತಂಡಕ್ಕೂ ಈ ಕೆಲಸ ಇರಲಿಲ್ಲ, ಹಾಗಾಗಿ ಕೇಳೋಣ ಎಂದರೆ ಸೀನಿಯರುಗಳಿಗೂ ಗೊತ್ತಿಲ್ಲ.

ತೀರ್ಮಾನಕ್ಕೆ ಮೊದಲು ನೋಡಬೇಕಾದದ್ದು ಮುಂದೆ ಎಲ್ಲಿಗೆ ಹೋಗುವುದು ಎಂದು. ಶಾಲೆಯ ಶಿಕ್ಷಕರಾಗಬೇಕು ಎಂದಿರುವವರಿಗೆ ಎರಡು ವರ್ಷದ ಬಿ.ಎಡ್‌.ಗೆ ಮೂರು ವರ್ಷದ ಪದವಿಯೇ ಸಾಕು. ಪಿಎಚ್.ಡಿ. ಕಡೆಗೆ ಮನಸ್ಸಿದ್ದರೆ ನಾಲ್ಕನೆಯ ವರ್ಷಕ್ಕೆ ಬೆಲೆ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರಿಗೆ ನೆಟ್ ಬರೆಯಲು 2024ರಿಂದ ಅವಕಾಶ ಕೊಟ್ಟಿದ್ದಾರೆ, ಅವರು ಎಂ.ಎ.ಯನ್ನು ಒಂದೇ ವರ್ಷದಲ್ಲಿ ಮುಗಿಸುವ ಕ್ರಮವೂ ಹೊಸ ನೀತಿಯಲ್ಲಿದೆ. ಆದರೆ ಎಂ.ಎ.ಗೆ ಮಂಗಳೂರು, ಮೈಸೂರು, ಹಂಪಿ ಎಂದು ಗಡಿ ದಾಟುವ ಯೋಚನೆ ಇದ್ದರೆ, ಒಂದು ವರ್ಷದ ಎಂ.ಎ. ಸಿಗುತ್ತದೋ, ಎರಡು ವರ್ಷವೇ ಓದಬೇಕೋ ಎಂದು ಆ ವಿಶ್ವವಿದ್ಯಾಲಯಕ್ಕೆ ಈಗಲೇ ಬರೆದು ಕೇಳಿ. ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಇಲ್ಲಿ ನಾಲ್ಕು ವರ್ಷ, ಅಲ್ಲಿ ಎರಡು ವರ್ಷ ಎಂದಾದರೆ ಒಂದು ವರ್ಷ ನಷ್ಟವಾಗುವುದು ಮಗುವಿಗೆ, ಫೀಸು ಹೋಗುವುದು ಅಪ್ಪನ ಜೇಬಿನಿಂದ.

ಒಂದು ವರ್ಷ ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ನನ್ನ ಬಿ.ಎ. ಕನ್ನಡ 2014ರಲ್ಲಿ ಮುಗಿಯಿತು. ಮುಗಿಯಿತು ಎಂದುಕೊಂಡೆ. ಎರಡನೆಯ ಸೆಮಿಸ್ಟರಿನ ಇಂಗ್ಲಿಷ್ ಪೇಪರು ಒಂದು ಬಾಕಿ ಇತ್ತು. ಸಪ್ಲಿಮೆಂಟರಿ ಬರೆದಿದ್ದೆ, ಪಾಸಾದೀತು ಎಂಬ ಧೈರ್ಯವೂ ಇತ್ತು, ಆದರೆ ಅದರ ಫಲಿತಾಂಶ ಯಾವಾಗ ಬರುತ್ತದೆ ಎಂದು ವಿಚಾರಿಸುವ ಬುದ್ಧಿ ಇರಲಿಲ್ಲ. ಆರನೆಯ ಸೆಮಿಸ್ಟರಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಕಾಲೇಜ್ ಡೇಯ ನಾಟಕ ಮಾತ್ರ. ಕರ್ನಾಟಕದ ವಿಶ್ವವಿದ್ಯಾಲಯವೊಂದರ ಎಂ.ಎ. ಪ್ರವೇಶಪಟ್ಟಿಯಲ್ಲಿ ನನ್ನ ಹೆಸರು ಬಂತು. ದಾಖಲೆ ತೋರಿಸುವ ದಿನ ಪ್ರಾವಿಜನಲ್ ಸರ್ಟಿಫಿಕೇಟ್ ಇಲ್ಲ, ಏಕೆಂದರೆ ಆ ಒಂದು ಪೇಪರಿನ ಫಲಿತಾಂಶ ಬಂದಿರಲಿಲ್ಲ. ಅದು ಬಂದದ್ದು ಸೀಟು ಹೋದ ಮೂರು ವಾರಕ್ಕೆ. ಪಾಸಾಗಿದ್ದೆ. ಯಾರನ್ನೂ ದೂರುವ ಹಾಗಿರಲಿಲ್ಲ.

ಆದ್ದರಿಂದ ಕೊನೆಯ ವರ್ಷದವರಿಗೆ ಮೊದಲ ಮಾತು: ಐದನೆಯ ಸೆಮಿಸ್ಟರ್ ಶುರುವಾಗುವ ಮೊದಲೇ ಹಿಂದಿನ ಎಲ್ಲ ಮಾರ್ಕ್ಸ್‌ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನೋಡಿ. ಬಾಕಿ ಪೇಪರು ಇದ್ದರೆ ಅದೇ ನಿಮ್ಮ ಮೊದಲ ಪಾಠ, ಉಳಿದದ್ದು ಆಮೇಲೆ.

ಎರಡನೆಯದು ಹೆಸರು. ಇದು ಗಡಿನಾಡಿನವರಿಗೇ ಮೀಸಲಾದ ತೊಂದರೆ. ಕೇರಳದ ದಾಖಲೆಗಳಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಬರುತ್ತದೆ, ತಮಿಳುನಾಡಿನಲ್ಲಿ ಮುಂದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಮಾರ್ಕ್‌ಶೀಟುಗಳಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರಿನಲ್ಲಿ ಇವು ಯಾವುದೂ ಅಲ್ಲದ ಇನ್ನೊಂದು ಕ್ರಮ. ಸಾಲದ್ದಕ್ಕೆ ಕನ್ನಡದ ಹೆಸರನ್ನು ಮಲಯಾಳಿ, ಮರಾಠಿ ಬಲ್ಲವರು ತಮಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಊರಿನೊಳಗೆ ಇದು ನಗುವ ಸಂಗತಿ. ಗಡಿ ದಾಟಿದ ದಿನ ಕೌಂಟರಿನಲ್ಲಿ ಕುಳಿತವರು ಇವರಿಬ್ಬರೂ ಒಬ್ಬರೇ ಎಂದು ಅಫಿಡವಿಟ್ ತನ್ನಿ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಕ್ರೆಡಿಟ್ ಬ್ಯಾಂಕಿನ ಎಬಿಸಿ ಐಡಿ, ಪದವಿಯ ಅಂಕಪಟ್ಟಿ, ಇವುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿ. ಡಿಗ್ರಿ ಸರ್ಟಿಫಿಕೇಟ್ ಅಚ್ಚಾಗುವ ಮೊದಲು ತಿದ್ದಿಸುವುದು ಒಂದು ಅರ್ಜಿಯ ಕೆಲಸ, ಅಚ್ಚಾದ ಮೇಲೆ ಹಲವು ದಿನಗಳ ಅಲೆದಾಟ.

ಕಾಲೇಜು ಬಿಡುವಾಗ ಟಿ.ಸಿ., ನಡತೆ ಪತ್ರ. ವಿಶ್ವವಿದ್ಯಾಲಯದಿಂದ ಒಟ್ಟು ಅಂಕಪಟ್ಟಿ, ಪ್ರಾವಿಜನಲ್, ಮೈಗ್ರೇಷನ್. ಹೊರ ರಾಜ್ಯಕ್ಕೆ ಹೋಗುವವರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಎಲಿಜಿಬಿಲಿಟಿ ಸರ್ಟಿಫಿಕೇಟನ್ನೂ ಕೇಳಬಹುದು. ಟಿ.ಸಿ. ಮತ್ತು ಮೈಗ್ರೇಷನ್ ಎರಡೂ ಒಂದೇ ಎಂದುಕೊಂಡು ಒಂದನ್ನೇ ತಂದವರನ್ನು ನಾನು ಕಂಡಿದ್ದೇನೆ. ಟಿ.ಸಿ. ಕೊಡುವುದು ಕಾಲೇಜು, ಮೈಗ್ರೇಷನ್ ಕೊಡುವುದು ವಿಶ್ವವಿದ್ಯಾಲಯ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಪ್ರಾಜೆಕ್ಟ್. ಹೆಚ್ಚಿನ ಮಕ್ಕಳು ಇದನ್ನು ಸೀನಿಯರುಗಳ ಪುಸ್ತಕ ನೋಡಿ ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸುತ್ತಾರೆ. ನಾನೂ ಹಾಗೆಯೇ ಮಾಡಲು ಹೊರಟಿದ್ದೆ. ನಮ್ಮ ಮೇಡಂ ಒಪ್ಪಲಿಲ್ಲ. "ನಿನ್ನ ಅಜ್ಜಿಗೆ ಗೊತ್ತಿರುವ ಗದ್ದೆಗಳ ಹೆಸರು ಬರೆದುಕೊಂಡು ಬಾ" ಎಂದರು. ಅಜ್ಜಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬೈಲು ಎಂದರೆ ತಗ್ಗಿನ ಗದ್ದೆ, ಮೂರು ಬೆಳೆ. ಮಜಲು ನಡುವಿನದು, ಎರಡು ಬೆಳೆ. ಬೆಟ್ಟು ಮೇಲಿನದು, ಮಳೆಗಾಲದ ಒಂದೇ ಬೆಳೆ. ಹೆಸರು ಕೇಳಿದರೆ ನೀರು ಎಷ್ಟು ನಿಲ್ಲುತ್ತದೆ ಎಂದು ಗೊತ್ತಾಗುತ್ತಿತ್ತು. ವಿಲೇಜ್ ಆಫೀಸಿನ ತೆರಿಗೆ ರಶೀದಿಯಲ್ಲಿ ಇವು ಯಾವುವೂ ಇಲ್ಲ, ಸರ್ವೆ ನಂಬರು ಮಾತ್ರ. ಎಪ್ಪತ್ತೆರಡು ಹೆಸರು ಸಿಕ್ಕವು. ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪೀಠಿಕೆಯನ್ನು ಬಿಟ್ಟು ಆ ಪಟ್ಟಿಯನ್ನೇ ಓದುತ್ತಾ ಕುಳಿತರು.

ಕೈಯಲ್ಲಿ ಎಂ.ಎ. ಸೀಟಿಲ್ಲದ ಆ ವರ್ಷ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ದಿನಗೂಲಿ ಲೆಕ್ಕದಲ್ಲಿ ಪಾಠ ಮಾಡಿದೆ. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸಿದರು ಎಂದು ನಾವು ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ಆ ಹುದ್ದೆಗೆ ಬೇಕಾದ ಅರ್ಹತೆ ಇರುವ ನಮ್ಮವರು ಯಾರಿದ್ದಾರೆ ಎಂದು ಹೆಡ್ಮಾಸ್ಟರು ಕೇಳಿದಾಗ ನಾನು ಕೈ ಎತ್ತುವ ಹಾಗಿರಲಿಲ್ಲ. ನನ್ನ ಬಳಿ ಬಿ.ಎಡ್. ಇರಲಿಲ್ಲ, ಕೆ-ಟೆಟ್ ಎಂದರೇನು ಎಂದೂ ತಿಳಿದಿರಲಿಲ್ಲ. ಕೇರಳದ ಶಾಲಾ ಶಿಕ್ಷಕರ ಈ ಅರ್ಹತಾ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್. ಜೊತೆಗೆ ಸೆಟ್ ಬೇಕು, ಅದರಲ್ಲಿ ಕನ್ನಡವೂ ಒಂದು ವಿಷಯ. ಪದವಿಯ ಕೊನೆಯ ವರ್ಷದಲ್ಲಿ ಇದನ್ನು ಯಾರಾದರೂ ಒಂದು ಗಂಟೆ ಕೂರಿಸಿ ಹೇಳಿದ್ದರೆ ಚೆನ್ನಾಗಿತ್ತು. ನಮ್ಮ ಸಂಘಗಳು ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು ಹೊದಿಸುವ ಬದಲು ಈ ಒಂದು ಗಂಟೆಯನ್ನು ಕೊಡಬಹುದಲ್ಲವೇ? ಶಾಲು ನನ್ನಲ್ಲಿಯೂ ಒಂದಿದೆ, ಕಪಾಟಿನಲ್ಲಿ.

ಹಾಗೆಂದು ಕೊನೆಯ ವರ್ಷ ತಪ್ಪಿದವರ ಬದುಕೇ ತಪ್ಪಿತು ಎಂದು ಮನೆಯಲ್ಲಿ ಯಾರೂ ಹೆದರಿಸಬೇಡಿ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು, ಪದವಿ ಪೂರ್ತಿಯಾಗಲಿಲ್ಲ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಕರೆದದ್ದು ಅವರನ್ನೇ. ಇದನ್ನು ಹೇಳಿದರೆ ಮಕ್ಕಳು "ಹಾಗಾದರೆ ನಾವೂ ಬಿಡುತ್ತೇವೆ" ಎನ್ನುತ್ತಾರೆ, ಅದಕ್ಕೆ ನಾನು ಮನೆಯಲ್ಲಿ ಹೇಳುವುದಿಲ್ಲ.

ನಾನು ಮರುವರ್ಷ ಎಂ.ಎ. ಸೇರಿದೆ, ಆಮೇಲೆ ಬಿ.ಎಡ್. ಈಗ ಹೈಸ್ಕೂಲಿನಲ್ಲಿದ್ದೇನೆ. ಆ ಎಪ್ಪತ್ತೆರಡು ಹೆಸರುಗಳ ಪುಸ್ತಕದ ಒಂದು ಪ್ರತಿ ಕಾಲೇಜಿನಲ್ಲಿ ಉಳಿಯಿತು, ಒಂದು ನನ್ನಲ್ಲಿದೆ. ಅಜ್ಜಿ 2017ರಲ್ಲಿ ಹೋದರು. ಈಗ ಅದರಲ್ಲಿ ಮೂವತ್ತು ಹೆಸರಾದರೂ ಊರಿನಲ್ಲಿ ಯಾರ ಬಾಯಲ್ಲೂ ಇಲ್ಲ. ಗದ್ದೆಗಳಲ್ಲಿ ಕೆಲವು ಅಡಿಕೆ ತೋಟವಾಗಿವೆ, ಕೆಲವು ಸೈಟಾಗಿವೆ.

ಈ ವರ್ಷ ಕೊನೆಯ ವರ್ಷದಲ್ಲಿರುವ ಮಕ್ಕಳು ಕನ್ನಡದಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದರೆ ವಿಷಯವನ್ನು ಸಂಘಕ್ಕೆ ಬರೆದು ತಿಳಿಸಿ. ಊರಿನಲ್ಲಿ ಯಾರ ಮನೆಗೆ ಹೋಗಿ ಕೇಳಬಹುದು ಎಂದು ಹೇಳುವ ಹಿರಿಯರು ನಮ್ಮ ಸದಸ್ಯರಲ್ಲಿ ಇದ್ದಾರೆ. ದಾಖಲೆಗಳ ವಿಚಾರದಲ್ಲಿ ಸಂಶಯವಿದ್ದರೂ ಕೇಳಿ. ಐದನೆಯ ಸೆಮಿಸ್ಟರಿನಲ್ಲಿ ಕೇಳಿ, ಪ್ರವೇಶದ ಹಿಂದಿನ ರಾತ್ರಿ ಅಲ್ಲ.