ಗೂಢಗಣನೆ ಮತ್ತು ಮೊಬೈಲ್ ಫೋನಿನ ಗುಟ್ಟು

ಒಂದು ಸಂಗತಿಯನ್ನು ಗುಟ್ಟಾಗಿಡುವುದೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಪರಸ್ಪರ ವಿರುದ್ಧವೆಂದು ಬಹುಕಾಲ ತಿಳಿಯಲಾಗಿದ್ದಿತು. ಪೆಟ್ಟಿಗೆಯೊಳಗಿನ ನಾಣ್ಯಗಳನ್ನು ಎಣಿಸಬೇಕಾದರೆ ಪೆಟ್ಟಿಗೆಯನ್ನು ತೆರೆಯಲೇಬೇಕಷ್ಟೆ. ತೆರೆಯದೆಯೂ ಎಣಿಸಬಹುದೆಂಬುದನ್ನು ಕಳೆದ ನಾಲ್ಕೈದು ದಶಕಗಳ ಗಣಿತವು ತೋರಿಸಿಕೊಟ್ಟಿದೆ. ಆ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಇದರ ಅಗತ್ಯ ದೂರದ್ದಲ್ಲ. ಇಂದು ಸಾಲವೂ ಫೋನಿನ ಮೂಲಕವೇ ದೊರೆಯುತ್ತದೆ. ಸಾಲ ಕೊಡುವ ಕೆಲವು ಆ್ಯಪ್‌ಗಳು ಫೋನಿನಲ್ಲಿದ್ದ ಹೆಸರುಗಳ ಪಟ್ಟಿಯನ್ನು ಸೆಳೆದುಕೊಂಡು, ಸಾಲಗಾರನ ನೆಂಟರಿಷ್ಟರಿಗೆ ಕರೆಮಾಡಿ ಮಾನ ಕಳೆದುದುಂಟು. ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತು. ಇಂಥ ಆ್ಯಪ್‌ಗಳು ಆ ಪಟ್ಟಿಗೆ ಕೈಹಾಕಕೂಡದೆಂದು ರಿಜರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಕಾನೂನು ತಪ್ಪು ನಡೆದ ಮೇಲೆ ದಂಡಿಸುತ್ತದೆ. ಗಣಿತವು ಗುಟ್ಟನ್ನು ಪರರ ಕೈಗೆ ಸಿಕ್ಕದಂತೆಯೇ ಮಾಡಬಲ್ಲುದು.

ಉದಾಹರಣೆಗಾಗಿ ಕೊಳ್ಳೇಗಾಲದ ಒಬ್ಬ ರೇಷ್ಮೆ ನೇಯ್ಗೆಯವ, ಹನೂರಿನ ಒಬ್ಬ ರೈತ, ಯಳಂದೂರಿನ ಒಬ್ಬಳು ಕೂಲಿಕಾರ್ತಿ ಇದ್ದಾರೆಂದು ಭಾವಿಸೋಣ. ಅವರ ಸಾಲ ಕ್ರಮವಾಗಿ 40, 65, 25 ಸಾವಿರ ರೂಪಾಯಿ. ಪರಿಹಾರವನ್ನು ಯೋಚಿಸುವವರಿಗೆ ಒಟ್ಟು ಮೊತ್ತ ತಿಳಿಯಬೇಕು. ಬಿಡಿ ಮೊತ್ತ ಯಾರಿಗೂ ತಿಳಿಯಬಾರದು.

ಗಡಿಯಾರವು ಹನ್ನೆರಡಾದ ಮೇಲೆ ಮತ್ತೆ ಒಂದರಿಂದ ಎಣಿಸುವಂತೆ, ಇಲ್ಲಿ ಮೊತ್ತವು 1000ವನ್ನು ಮುಟ್ಟಿದರೆ ಅಥವಾ ಮೀರಿದರೆ ಸಾವಿರಗಳನ್ನು ಕಳೆದು ಉಳಿದುದನ್ನಷ್ಟೇ ಹಿಡಿಯತಕ್ಕದ್ದು. ಪ್ರತಿಯೊಂದು ಫೋನೂ ತನ್ನ ಸಂಖ್ಯೆಯನ್ನು ಮೂರು ಚೂರು ಮಾಡುತ್ತದೆ. ಎರಡನ್ನು ಮನಬಂದಂತೆ ಆರಿಸಿ, ಮೂರನೆಯದನ್ನು ಲೆಕ್ಕ ಕೂಡುವಂತೆ ಇಡುತ್ತದೆ. ನೇಯ್ಗೆಯವನ 40 ಎಂಬುದು 713, 209, 118 ಆಗುತ್ತದೆ. ರೈತನ 65 ಎಂಬುದು 346, 581, 138. ಕೂಲಿಕಾರ್ತಿಯ 25 ಎಂಬುದು 902, 77, 46. ಮೊದಲ ಚೂರುಗಳೆಲ್ಲ ನೇಯ್ಗೆಯವನ ಫೋನಿಗೂ ಎರಡನೆಯವು ರೈತನದಕ್ಕೂ ಮೂರನೆಯವು ಕೂಲಿಕಾರ್ತಿಯದಕ್ಕೂ ಸೇರುತ್ತವೆ. ಅವರು ಪ್ರಕಟಿಸುವ ಮೊತ್ತಗಳು 961, 867, 302. ಇವನ್ನು ಕೂಡಿದರೆ 2130; ಸಾವಿರಗಳನ್ನು ಕಳೆದರೆ 130. ಅದೇ ನಿಜವಾದ ಒಟ್ಟು. ಪರರಿಂದ ಬಂದ ಒಂದು ಬಿಡಿ ಚೂರಿನಿಂದ ಆ ವ್ಯಕ್ತಿಯ ಸಾಲವನ್ನು ಊಹಿಸಲು ಸಾಧ್ಯವಿಲ್ಲ.

ಗುಟ್ಟನ್ನು ಚೂರುಗಳಾಗಿ ಹಂಚುವ ವಿಧಾನವನ್ನು ಆದಿ ಶಮೀರ್ 1979ರಲ್ಲಿ ನಿರೂಪಿಸಿದರು. ಇಬ್ಬರು ಧನಿಕರು ತಮ್ಮ ಆಸ್ತಿಯನ್ನು ಹೇಳಿಕೊಳ್ಳದೆ ಹೆಚ್ಚು ಸಿರಿವಂತನಾರೆಂದು ತಿಳಿಯುವ ಬಗೆಯನ್ನು ಆಂಡ್ರ್ಯೂ ಯಾವೊ 1982ರಲ್ಲಿ ಚರ್ಚಿಸಿದರು. 2008ರಲ್ಲಿ ಡೆನ್ಮಾರ್ಕಿನ ಸಕ್ಕರೆಗೆಡ್ಡೆ ಬೆಳೆಗಾರರ ಹರಾಜು ಈ ತತ್ತ್ವದಿಂದಲೇ ನಡೆಯಿತು. ಗೂಢಲಿಪಿಯನ್ನು ಬಿಡಿಸದೆಯೇ ಅದರ ಮೇಲೆ ಯಾವ ಗಣನೆಯನ್ನಾದರೂ ನಡೆಸಬಹುದೆಂದು ಕ್ರೇಗ್ ಜೆಂಟ್ರಿ 2009ರಲ್ಲಿ ತೋರಿಸಿದರು. ಕರೆಮಾಡಿದವರ ಗುರುತನ್ನು ಹುಡುಕಲು ಐಫೋನು 2024ರಿಂದ ಈ ಎರಡನೆಯ ಬಗೆಯನ್ನು ಬಳಸಲು ಅವಕಾಶ ಕೊಟ್ಟಿದೆ. ತನ್ನಲ್ಲಿ ಯಾವ ಸಂಖ್ಯೆಯನ್ನು ಹುಡುಕಲಾಯಿತೆಂಬುದು ಉತ್ತರ ಕೊಡುವ ಸರ್ವರಿಗೇ ತಿಳಿಯದು.

ಆದರೂ ಈ ಕ್ರಮಕ್ಕೆ ಮಿತಿಗಳಿವೆ. ಮೇಲಿನ ಉದಾಹರಣೆಯಲ್ಲಿ ಇಬ್ಬರು ಒಳಸಂಚು ಮಾಡಿದರೆ, ಒಟ್ಟಿನಿಂದ ತಮ್ಮವನ್ನು ಕಳೆದು ಮೂರನೆಯವರ ಸಾಲವನ್ನು ಅರಿಯಬಹುದು. ಆದಕಾರಣ ಗುಂಪು ದೊಡ್ಡದಿರಬೇಕು. ಸುಳ್ಳು ಸಂಖ್ಯೆಯನ್ನು ಕೊಟ್ಟವನನ್ನು ಈ ಸರಳ ಕ್ರಮವು ಪತ್ತೆಮಾಡಲಾರದು. ಗೂಢಲಿಪಿಯ ಮೇಲಣ ಗಣನೆಯಂತೂ ಸಾಮಾನ್ಯ ಗಣನೆಗಿಂತ ಬಹಳ ನಿಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟುಬಿಟ್ಟ ಫೋನನ್ನು ಯಾವ ಗಣಿತವೂ ಕಾಯಲಾರದು.

ಒಟ್ಟನ್ನು ತಿಳಿಯಲು ಬಿಡಿಯನ್ನು ಬಯಲುಮಾಡಲೇಬೇಕೆಂಬ ಮಾತಿಗೆ ಇನ್ನು ಆಧಾರವಿಲ್ಲ. ಬಡವನ ಗುಟ್ಟನ್ನು ಕೇಳುವವರು, ಅದು ತಮಗೆ ನಿಜವಾಗಿ ಬೇಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾಗಿದೆ. ಈ ಪ್ರಶ್ನೆಯನ್ನು ತರಗತಿಗಳಲ್ಲಿ ಎತ್ತುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.