ಕೆಸರಿನ ಕಪ್ಪು ಹಕ್ಕಿ ಕಪ್ಪಲ್ಲ

ನಾಸಿಕದ ನಾಂದೂರ ಮಧ್ಯಮೇಶ್ವರದಲ್ಲಿ ಬಾಗಿದ ಕೊಕ್ಕಿನ ಕಪ್ಪು ಹಕ್ಕಿಗಳ ಗುಂಪು ಕಂಡ ಕೂಡಲೇ ನಮ್ಮ ಕಡೆಯವರು ‘ಕರಿ ಕೆಂಬರಲು’ ಎಂದುಬಿಡುತ್ತಾರೆ. ಅಲ್ಲ. ಊರಿನ ಹೊಲಗಳಲ್ಲಿ ಕಾಣುವ ಕರಿ ಕೆಂಬರಲಿಗೆ ನೆತ್ತಿಯ ಮೇಲೆ ಕೆಂಪು, ಹೆಗಲ ಬಳಿ ಬಿಳಿ ಮಚ್ಚೆ ಇರುತ್ತವೆ. ಒಣನೆಲವೂ ಅದಕ್ಕೆ ಒಗ್ಗುತ್ತದೆ. ಕೆಸರು ಬಿಟ್ಟು ಕದಲದ ಈ ಸಪೂರ ಹಕ್ಕಿ ಮಿಂಚು ಕೆಂಬರಲು, ಅಂದರೆ ಗ್ಲಾಸಿ ಐಬಿಸ್.

ಅದು ಕಪ್ಪೂ ಅಲ್ಲ. ಮೈ ಕಂದುಗೆಂಪು, ರೆಕ್ಕೆಯಲ್ಲಿ ಹಸಿರು–ನೇರಳೆ ಹೊಳಪು. ಈ ಹೊಳಪು ಬಣ್ಣದ ಕಣಗಳಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವಂಥದ್ದು. ಸೂರ್ಯ ಹಕ್ಕಿಯ ಹಿಂದಿದ್ದರೆ ಬರೀ ಕರಿ ನೆರಳು. ಚಳಿಗಾಲದಲ್ಲಿ ಮೈಬಣ್ಣ ಮಂಕಾಗಿ ತಲೆ, ಕತ್ತಿನ ಮೇಲೆ ಬಿಳಿ ಗೀರುಗಳು ಮೂಡುವುದರಿಂದ ಗೊಂದಲ ಇನ್ನೂ ಹೆಚ್ಚು.

ಚಳಿಗಾಲದ ಹಕ್ಕಿ ಎಂದರೆ ಸೈಬೀರಿಯದ್ದೇ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಮಿಂಚು ಕೆಂಬರಲು ಭಾರತದಲ್ಲೇ ಗೂಡು ಕಟ್ಟುತ್ತದೆ. ರಾಜಸ್ಥಾನದ ಭರತಪುರದಲ್ಲಿ ಅದರ ಸಂತಾನ ಬೆಳೆಯುತ್ತದೆ. ಕೆಲವು ವಲಸೆ ಬರುತ್ತವೆ, ಕೆಲವು ನೀರು ಇದ್ದತ್ತ ಅಲೆಯುತ್ತವೆ. ಹೀಗಾಗಿ ಚಳಿಗಾಲದಲ್ಲಿ ಗುಂಪುಗಳು ದೊಡ್ಡದಾಗಿ ಕಾಣುತ್ತವೆ.

ಇನ್ನು ‘ನೀರು ಹೆಚ್ಚಿದ್ದಷ್ಟೂ ಹಕ್ಕಿ ಹೆಚ್ಚು’ ಎಂಬ ಲೆಕ್ಕ. ಇದನ್ನು ತಲೆಕೆಳಗು ಮಾಡಿದ್ದೇ ನಾಂದೂರ. ಗೋದಾವರಿ–ಕಾದವಾ ಸಂಗಮದ ಬಳಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡಿನ ಹಿಂದೆ ಹೂಳು ತುಂಬಿತು, ನಡುಗಡ್ಡೆಗಳೆದ್ದವು, ಜೊಂಡು ಬೆಳೆಯಿತು. ನೀರಾವರಿಯ ಕಣ್ಣಿಗೆ ಇದು ಕೆಟ್ಟ ಜಲಾಶಯ. ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚಿ, ಸ್ಪರ್ಶದಿಂದಲೇ ಹುಳು, ಬಸವನಹುಳು, ಏಡಿ ಹುಡುಕುವ ಹಕ್ಕಿಗೆ ಇದೇ ಊಟದ ಮನೆ. ಆಳನೀರಿನಲ್ಲಿ ಅದರ ಕಾಲೂ ತಾಗದು, ಕೊಕ್ಕೂ ಮುಟ್ಟದು. ‘ಮಹಾರಾಷ್ಟ್ರದ ಭರತಪುರ’ ಎನಿಸಿಕೊಂಡ ಈ ಜೌಗನ್ನು 2020ರಲ್ಲಿ ಆ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ, ಎಂದು ಘೋಷಿಸಲಾಯಿತು.

ಛತ್ರಪತಿ ಸಂಭಾಜಿನಗರದಿಂದ ಹೋಗುವವರಿಗೆ ಪೈಠಣದ ಜಾಯಕವಾಡಿ ಜಲಾಶಯ, ಅಂದರೆ ನಾಥಸಾಗರ ಇದೆ, 1986ರಿಂದ ಪಕ್ಷಿಧಾಮ. ಅಲ್ಲಿ ಬಹಳ ಜನ ಅಣೆಕಟ್ಟಿನ ಮೇಲೆ ನಿಂತು ನೀರು ನೋಡಿ ವಾಪಸಾಗುತ್ತಾರೆ. ಕೆಂಬರಲು ಬೇಕಾದರೆ ಹಿನ್ನೀರಿನ ಹಳ್ಳಿಗಳತ್ತ, ನೀರು ಇಳಿದು ಕೆಸರು ಬಯಲಾದ ಅಂಚಿಗೆ ಹೋಗಬೇಕು. ನಾಂದೂರಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜಾಯಕವಾಡಿಗೆ ಸ್ವಲ್ಪ ತಡವಾಗಿ, ನೀರು ಹಿಂದೆ ಸರಿದ ಮೇಲೆ ಹೋದರೆ ವಾಸಿ. ಎರಡೂ ಕಡೆ ಬೆಳಿಗ್ಗೆ ಬೇಗ ಹೋಗಿ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ.